ದೀನಬಂಧು ಗೋಬರ್ ಗ್ಯಾಸ್, 2 ಘನ ಮೀಟರ್: ಗುಂಡಿ ತೋಡಿಸುವ ಮುಂಚೆ ಸಗಣಿ ತೂಗಿ

ತೀರ್ಪು ಮೊದಲೇ ಹೇಳಿಬಿಡುವುದು ವಾಸಿ. ದಿನಕ್ಕೆ 50 ಕಿಲೋ ಸಗಣಿ ತಪ್ಪದೆ ಸಿಗುವ, ಗ್ಯಾಸ್ ಕೊಟ್ಟು ಹೊರಬರುವ ಬಗ್ಗಡ ಉಣಿಸಲು ತೋಟವೋ ಗದ್ದೆಯೋ ಇರುವ ಮನೆಗೆ 2 ಘನ ಮೀಟರಿನ (ದಿನಕ್ಕೆ ಅಷ್ಟು ಗ್ಯಾಸ್ ಕೊಡುವ) ದೀನಬಂಧು ಘಟಕ ಕಣ್ಣುಮುಚ್ಚಿ ಕಟ್ಟಿಸಬಹುದಾದದ್ದು. ಸಗಣಿ 25–30 ಕಿಲೋ ದಾಟದಿದ್ದರೆ 1 ಘನ ಮೀಟರಿನದೇ ಸಾಕು. ಒಂದೇ ಹಸು ಇಟ್ಟುಕೊಂಡು, ಸಬ್ಸಿಡಿ ಬರುತ್ತದೆಂದು ದೊಡ್ಡದಕ್ಕೆ ಕೈಹಾಕುವವರಿಗೆ ಇದು ಬೇಡವೇ ಬೇಡ.

ದೀನಬಂಧು ಯಾವುದೋ ಕಂಪನಿಯ ಮಾಲಲ್ಲ. 1984ರಲ್ಲಿ ಆಫ್‌ಪ್ರೊ ಎಂಬ ಸಂಸ್ಥೆ ರೂಪಿಸಿದ ವಿನ್ಯಾಸ ಅದು. ಅದಕ್ಕೂ ಮುಂಚೆ ಖಾದಿ ಆಯೋಗದ ತೇಲುವ ಡ್ರಮ್ಮಿನ ಮಾದರಿ ಇತ್ತು, ಆಮೇಲೆ ಸ್ಥಿರ ಗುಮ್ಮಟದ ಜನತಾ ಮಾದರಿ ಬಂತು. ದೀನಬಂಧುವಿನಲ್ಲಿ ಬೇರೆ ಬೇರೆ ವ್ಯಾಸದ ಎರಡು ಗೋಳಗಳ ತುಣುಕುಗಳನ್ನು ಬಾಯಿಗೆ ಬಾಯಿ ಕೂಡಿಸಿದ ಆಕಾರ: ತಳ ತಟ್ಟೆಯ ಹಾಗೆ, ಮೇಲ್ಭಾಗ ಬೋರಲು ಹಾಕಿದ ಬಟ್ಟಲಿನ ಹಾಗೆ. ಅಷ್ಟೇ ಗಾತ್ರಕ್ಕೆ ಗೋಡೆಯ ಮೇಲ್ಮೈ ಕಡಿಮೆ, ಹಾಗಾಗಿ ಇಟ್ಟಿಗೆ, ಸಿಮೆಂಟ್ ಎರಡೂ ಉಳಿತಾಯ. ತುಕ್ಕು ಹಿಡಿಯಲು ಕಬ್ಬಿಣದ ಡ್ರಮ್ಮಿಲ್ಲ, ಸವೆಯಲು ಓಡಾಡುವ ಭಾಗವಿಲ್ಲ. ಕಾರ್ಖಾನೆಯಿಂದ ಬರುವ ವಸ್ತುವಲ್ಲದ ಕಾರಣ ವಾರಂಟಿ ಕಾರ್ಡೂ ಇಲ್ಲ. ನಿಮ್ಮ ಹಿತ್ತಿಲಲ್ಲಿ ಕೂತು ಕಟ್ಟುವ ಮೇಸ್ತ್ರಿಯ ಕೈಯೇ ಅದರ ಗುಣಮಟ್ಟ. ಆದ್ದರಿಂದ ಇಲ್ಲಿ ವಿನ್ಯಾಸಕ್ಕೆ ಎಷ್ಟು ಅಂಕವೋ ಮೇಸ್ತ್ರಿಯ ಕೆಲಸಕ್ಕೂ ಅಷ್ಟೇ ಅಂಕ.

ಸಗಣಿಯ ಲೆಕ್ಕದಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್, ಅಂದರೆ 2 ಘನ ಮೀಟರಿಗೆ 50 ಕಿಲೋ. ಕಟ್ಟಿ ಮೇಯಿಸುವ ಜರ್ಸಿ ಅಥವಾ ಎಚ್‌ಎಫ್ ಮಿಶ್ರತಳಿಯಿಂದ ದಿನಕ್ಕೆ 15 ಕಿಲೋ ಸಿಕ್ಕೀತು. ಮೂರು ನಾಲ್ಕು ಹಸು ಇದ್ದರೆ ಸರಿಹೋಯಿತು. ಬೆಳಿಗ್ಗೆ ಬಿಟ್ಟು ಸಂಜೆ ಕಟ್ಟುವ ಮಲೆನಾಡು ಗಿಡ್ಡ ತಳಿಯದು ಕೊಟ್ಟಿಗೆಯಲ್ಲಿ ಕೈಗೆ ಸಿಗುವುದು ಐದಾರು ಕಿಲೋ ಮೀರುವುದು ಅಪರೂಪ. ಉಳಿದದ್ದು ಮೇಯುವ ಬೇಣದಲ್ಲೇ ಬಿದ್ದಿರುತ್ತದೆ. ‘ನಮ್ಮಲ್ಲಿ ಎಂಟು ದನ ಇವೆ’ ಎಂಬ ಮಾತಿನ ಮೇಲೆ ಅಳತೆ ನಿರ್ಧರಿಸಬೇಡಿ. ಒಂದು ವಾರ ದಿನಾ ಬೆಳಿಗ್ಗೆ ತೂಗಿ, ಅತ್ಯಂತ ಕಡಿಮೆ ಬಂದ ದಿನದ ತೂಕವನ್ನು ಲೆಕ್ಕಕ್ಕೆ ಹಿಡಿಯಿರಿ.

ಕೊಟ್ಟಿಗೆಯ ನೆಲವೂ ಲೆಕ್ಕಕ್ಕೆ ಬರುತ್ತದೆ. ಸೊಪ್ಪು, ದರಗು (ಒಣ ಎಲೆ) ಹಾಸುವ ಹಟ್ಟಿಯ ಗೊಬ್ಬರ ಈ ಘಟಕಕ್ಕೆ ಆಗದು. ನಾರು ಮೇಲೆ ತೇಲಿ ಕೆನೆಗಟ್ಟುತ್ತದೆ, ಸಗಣಿ ಒಳಹೋಗುವ ಇನ್‌ಲೆಟ್ ಪೈಪ್ ಕಟ್ಟುತ್ತದೆ. ಕಲ್ಲು ಹಾಸಿದ ಅಥವಾ ಕಾಂಕ್ರೀಟ್ ನೆಲ ಬೇಕು. ಸೊಪ್ಪಿನ ಗೊಬ್ಬರವೇ ಮುಖ್ಯ ಎನ್ನುವವರು ಆ ಪದ್ಧತಿ ಬಿಡುವುದಕ್ಕಿಂತ ಗೋಬರ್ ಗ್ಯಾಸ್ ಆಸೆ ಬಿಡುವುದು ಮೇಲು. ಇಲ್ಲವೇ ಬಗ್ಗಡವನ್ನೇ ಒಣ ದರಗಿನ ಮೇಲೆ ಸುರಿದು ಗೊಬ್ಬರ ಮಾಡುವ ಕ್ರಮಕ್ಕೆ ಒಗ್ಗಿಕೊಳ್ಳಬೇಕು.

ಕಟ್ಟುವಾಗ

ದರ ಊರೂರಿಗೆ ಬೇರೆ, ಹಾಗಾಗಿ ಸಾಮಾನಿನ ಲೆಕ್ಕವೇ ಉಪಯೋಗ. 2 ಘನ ಮೀಟರಿಗೆ ಸುಮಾರು 1000 ಇಟ್ಟಿಗೆ, 14 ಚೀಲ ಸಿಮೆಂಟ್, ಜೊತೆಗೆ ಮರಳು, ಜಲ್ಲಿ, 6 ಇಂಚಿನ ಇನ್‌ಲೆಟ್ ಪೈಪ್, ಗುಮ್ಮಟದ ನೆತ್ತಿಗೆ ಕೂರಿಸುವ ಜಿಐ ಪೈಪ್ ತುಂಡು, ಗೇಟ್ ವಾಲ್ವ್. ಮಣ್ಣು ಅಗೆಯುವುದು ಬೇರೆ ಖರ್ಚು. ಜಾಗ ಅಡುಗೆಮನೆಯಿಂದ 20 ಮೀಟರ್ ಒಳಗಿರಲಿ, ಕುಡಿಯುವ ನೀರಿನ ಬಾವಿಯಿಂದ 15 ಮೀಟರ್ ದೂರವಿರಲಿ. ಬಿಸಿಲು ಬೀಳಬೇಕು. ಹಲಸು, ಮಾವಿನ ಬೇರು ಹತ್ತಿರವಿದ್ದರೆ ಐದಾರು ವರ್ಷದಲ್ಲಿ ಗೋಡೆ ಬಿರಿಯುತ್ತದೆ.

ಗುಮ್ಮಟಕ್ಕೆ ಸೆಂಟ್ರಿಂಗ್ ಬೇಡ. ನಡುವೆ ಗೂಟ ನೆಟ್ಟು, ತ್ರಿಜ್ಯದ ಅಳತೆಯ ದಾರ ಹಿಡಿದು, ಪ್ರತಿ ಇಟ್ಟಿಗೆಯನ್ನೂ ದಾರಕ್ಕೆ ತಾಗಿಸಿ ಕೂರಿಸುತ್ತಾರೆ. ಗಾರೆ ಬಿಗಿಯುವ ತನಕ ಇಟ್ಟಿಗೆ ಜಾರದಂತೆ ಭಾರ ಕಟ್ಟಿದ ಕೊಕ್ಕೆಗಳು ಹಿಡಿದಿರುತ್ತವೆ. ಈ ಕೆಲಸ ಬಾರದ ಮನೆಗಾರೆಯವರು ‘ನಾವೂ ಕಟ್ಟುತ್ತೇವೆ’ ಎಂದರೆ ಒಪ್ಪಬೇಡಿ. ಗೋಡೆ ಕಟ್ಟುವುದಕ್ಕೂ ಗ್ಯಾಸ್ ಹಿಡಿಯುವ ಗುಮ್ಮಟ ಕಟ್ಟುವುದಕ್ಕೂ ಬಹಳ ಅಂತರವಿದೆ. ಕೆಲಸ ಒಪ್ಪಿಸುವ ಮುಂಚೆ ಆ ಮೇಸ್ತ್ರಿ ಕಟ್ಟಿ ಮೂರು ವರ್ಷ ದಾಟಿದ ಎರಡು ಘಟಕಗಳನ್ನು ನೋಡಿ, ಆ ಮನೆಯ ಒಲೆ ಹಚ್ಚಿಸಿ ನೋಡಿ.

ದೀನಬಂಧು ಸೋಲುವುದು ಬಹುಪಾಲು ಒಂದೇ ಜಾಗದಲ್ಲಿ, ಗುಮ್ಮಟದ ಒಳಗಿನ ಗಿಲಾವಿನಲ್ಲಿ. 1:3 ಗಾರೆ, 12 ಮಿಲಿಮೀಟರ್ ದಪ್ಪ, ಅದರ ಮೇಲೆ ಸಿಮೆಂಟ್ ಹಾಲಿನ ಲೇಪ. ಗ್ಯಾಸ್ ನಿಲ್ಲುವ ಭಾಗದ ಗಿಲಾವನ್ನು ಒಂದೇ ಸಲಕ್ಕೆ, ಜೋಡಣೆ ಬಾರದಂತೆ ಮುಗಿಸಬೇಕು. ಇವತ್ತು ಅರ್ಧ, ನಾಳೆ ಅರ್ಧ ಎಂದರೆ ಆ ಗೆರೆಯಲ್ಲೇ ಕೂದಲೆಳೆಯಷ್ಟು ಬಿರುಕು. ನೀರು ಅಲ್ಲಿ ಸೋರದು, ಗ್ಯಾಸ್ ಸೋರುತ್ತದೆ. ಹೊರಗೆ ಏನೂ ಕಾಣಿಸದ ಕಾರಣ ಮನೆಯವರು ಸಗಣಿಯನ್ನು, ಹಸುವನ್ನು, ಚಳಿಯನ್ನು ದೂರುತ್ತಾ ವರ್ಷ ಕಳೆಯುತ್ತಾರೆ. ಗಿಲಾವಿನ ದಿನ ಕೆಲಸ ಮುಗಿಯುವ ತನಕ ಮನೆಯವರೊಬ್ಬರು ಅಲ್ಲೇ ನಿಂತಿರುವುದು ದುಬಾರಿ ಸಲಹೆಯೇನಲ್ಲ.

ಕನಿಷ್ಠ 10 ದಿನ ನೀರುಣಿಸಿ. ಆಮೇಲೆ ಸುತ್ತ ಮಣ್ಣು ತುಂಬುವಾಗ ಪದರ ಪದರವಾಗಿ, ನೀರು ಹಾಕಿ ದಮ್ಮಸ್ಸು ಮಾಡಬೇಕು. ನೆತ್ತಿಯ ಮೇಲೂ ಒಂದಡಿ ಮಣ್ಣು ಬರಬೇಕು. ಅದು ಅಲಂಕಾರಕ್ಕಲ್ಲ. ಒಳಗಿನ ಗ್ಯಾಸ್ ಒತ್ತಡ 90 ಸೆಂಟಿಮೀಟರ್ ನೀರಿನ ಎತ್ತರದವರೆಗೆ ಏರುತ್ತದೆ, ಆ ನೂಕಿಗೆ ಎದುರು ಭಾರ ಬೇಕು. ಗುಮ್ಮಟ ಚೆಂದ ಕಾಣಲಿ ಎಂದು ಮೇಲಿನ ಮಣ್ಣು ತೆಗೆದು ಬಿರುಕು ತರಿಸಿಕೊಂಡವರಿದ್ದಾರೆ.

ಸಗಣಿ ತುಂಬುವ ಮುಂಚೆ ಪರೀಕ್ಷೆ ಕಡ್ಡಾಯ. ಗ್ಯಾಸ್ ವಾಲ್ವ್ ತೆರೆದಿಟ್ಟು ನೀರು ತುಂಬಿಸಿ ಒಂದು ದಿನ ಬಿಡಿ, ಇಟ್ಟಿಗೆ ಹೀರುವಷ್ಟು ಹೀರಲಿ. ಇಳಿದಷ್ಟು ಮತ್ತೆ ತುಂಬಿ. ಈಗ ವಾಲ್ವ್ ಬಾಯಿಗೆ ಪಾರದರ್ಶಕ ಪೈಪನ್ನು ಇಂಗ್ಲಿಷಿನ ‘ಯು’ ಆಕಾರದಲ್ಲಿ ಬಗ್ಗಿಸಿ ಬಣ್ಣದ ನೀರು ಹಾಕಿ ಜೋಡಿಸಿ. ಗಾಳಿ ಹೊರಹೋಗಲು ದಾರಿ ಇಲ್ಲದಂತೆ ಮಾಡಿ ಔಟ್‌ಲೆಟ್ಟಿಗೆ (ಬಗ್ಗಡ ಹೊರಬರುವ ತೊಟ್ಟಿಗೆ) ಇನ್ನಷ್ಟು ನೀರು ಸುರಿದರೆ ಗುಮ್ಮಟದ ಗಾಳಿ ಅದುಮಿಕೊಂಡು ಪೈಪಿನ ನೀರು ಒಂದು ಕಡೆ ಏರುತ್ತದೆ. ಗೆರೆ ಹಾಕಿಡಿ. ಮರುದಿನ ಅದೇ ಹೊತ್ತಿಗೆ ನೋಡಿ. ಬಿಸಿಲಿಗೆ ಗಾಳಿ ಹಿಗ್ಗುವುದರಿಂದ ಹೊತ್ತು ತಪ್ಪಿದರೆ ಲೆಕ್ಕ ತಪ್ಪುತ್ತದೆ. ಒಂದೆರಡು ಸೆಂಟಿಮೀಟರ್ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳುವುದು ಬೇಡ. ಅರ್ಧಕ್ಕರ್ಧ ಇಳಿದಿದ್ದರೆ ಮೇಸ್ತ್ರಿಯ ಕೊನೆಯ ಕಂತು ಕೊಡಬೇಡಿ. ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು: ಕೆಲಸ ಬೇಸಿಗೆಯಲ್ಲೇ ಮುಗಿಯಲಿ. ಮಳೆಗಾಲದಲ್ಲಿ ಅಂತರ್ಜಲ ಮೇಲೆದ್ದರೆ ಖಾಲಿ ಗುಂಡಿಯನ್ನು ಕೆಳಗಿನಿಂದ ಎತ್ತುತ್ತದೆ, ತಳ ಒಡೆಯುತ್ತದೆ.

ತುಂಬುವುದು, ನಡೆಸುವುದು

ನಮ್ಮ ಹವೆಗೆ ಸಗಣಿ ಒಳಗೆ 40 ದಿನ ನಿಲ್ಲಬೇಕೆಂದು ಲೆಕ್ಕ. ದಿನಕ್ಕೆ 50 ಕಿಲೋ ಸಗಣಿ, 50 ಲೀಟರ್ ನೀರು ಎಂದರೆ ಮೊದಲ ತುಂಬುವಿಕೆಗೆ ಸುಮಾರು ಎರಡು ಟನ್ ಸಗಣಿ, ಅಷ್ಟೇ ನೀರು. ಗುಂಡಿ ತೋಡುವ ದಿನದಿಂದಲೇ ನೆರಳಲ್ಲಿ ಸಗಣಿ ಕೂಡಿಡಬೇಕು, ಒಣಗದಂತೆ ನೀರು ಚಿಮುಕಿಸಬೇಕು. ನಡೆಯುತ್ತಿರುವ ಘಟಕದಿಂದ ಹತ್ತಿಪ್ಪತ್ತು ಕೊಡ ಬಗ್ಗಡ ತಂದು ಸುರಿದರೆ ಹೆಪ್ಪು ಹಾಕಿದ ಹಾಗೆ. ಗ್ಯಾಸ್ ಬೇಗ ಹುಟ್ಟುತ್ತದೆ. ಇಲ್ಲದಿದ್ದರೆ ಎರಡು ಮೂರು ವಾರ ಕಾಯಬೇಕು. ಮೊದಲು ಬರುವುದು ಬಹುಪಾಲು ಗಾಳಿ, ಇಂಗಾಲದ ಡೈಆಕ್ಸೈಡ್. ಅದು ಉರಿಯದು, ಹೊರಗೆ ಬಿಟ್ಟುಬಿಡಿ. ಬಂತೋ ಇಲ್ಲವೋ ನೋಡಲು ಗುಮ್ಮಟದ ನೆತ್ತಿಯ ಪೈಪಿಗೇ ಬೆಂಕಿಕಡ್ಡಿ ಹಿಡಿಯುವುದು ಮಾತ್ರ ಬೇಡ. ಉರಿಯುವ ಅನಿಲವಾದ ಮೀಥೇನ್ ಗಾಳಿಯೊಂದಿಗೆ ಬೆರೆತಿದ್ದಾಗ ಉರಿ ಒಳಗೆ ನುಗ್ಗಬಹುದು. ಪರೀಕ್ಷೆ ಒಲೆಯ ಬಳಿಯೇ.

ದಿನಚರಿ ಸರಳ: ಬಕೆಟ್ಟಿಗೆ ಬಕೆಟ್ ನೀರು ಸೇರಿಸಿ, ಗಂಟಿಲ್ಲದಂತೆ ಕಲಸಿ, ಹುಲ್ಲುಕಡ್ಡಿ ಕಲ್ಲು ತೆಗೆದು, ಇನ್‌ಲೆಟ್ ಬೆಣೆ ಎತ್ತುವುದು. ಕಲಸಿದ ಮೇಲೆ ಎರಡು ನಿಮಿಷ ನಿಲ್ಲಲು ಬಿಟ್ಟರೆ ಮರಳು ತೊಟ್ಟಿಯ ತಳದಲ್ಲೇ ಉಳಿಯುತ್ತದೆ; ಒಳಗೆ ಹೋದ ಮರಳು ವರ್ಷಗಳಲ್ಲಿ ಗುಂಡಿಯ ಹೊಟ್ಟೆಯನ್ನೇ ತುಂಬುತ್ತದೆ. ಕೊಟ್ಟಿಗೆ ತೊಳೆದ ನೀರನ್ನು ಪೂರಾ ಇನ್‌ಲೆಟ್ಟಿಗೆ ಹರಿಸುವ ಸೋಮಾರಿತನವೇ ಗ್ಯಾಸ್ ಕಡಿಮೆಯಾಗಲು ಮೊದಲ ಕಾರಣ. ನೀರು ಜಾಸ್ತಿಯಾದರೆ ಸಗಣಿ ಕೊಳೆಯುವ ಮುಂಚೆಯೇ ಔಟ್‌ಲೆಟ್ಟಿನಿಂದ ಹೊರಬೀಳುತ್ತದೆ. ಆ ನೀರಿನಲ್ಲಿ ಫಿನಾಯಿಲ್, ಬ್ಲೀಚಿಂಗ್ ಪೌಡರ್ ಇದ್ದರೆ ಒಳಗಿನ ಜೀವಾಣುಗಳಿಗೆ ಅದೇ ವಿಷ. ಕೆಚ್ಚಲುಬಾವಿಗೆ ಆಂಟಿಬಯೋಟಿಕ್ ಕೊಟ್ಟ ಹಸುವಿನ ಸಗಣಿಯನ್ನೂ ಕೆಲವು ದಿನ ಬೇರೆ ಹಾಕಿ. ಗಂಜಿ, ಹಲಸಿನ ತ್ಯಾಜ್ಯ, ಹಳಸಿದ ಅನ್ನ ಒಂದೆರಡು ಕಿಲೋ ಸೇರಿದರೆ ಗ್ಯಾಸ್ ಹೆಚ್ಚುತ್ತದೆ. ಮದುವೆಮನೆಯ ಅನ್ನವನ್ನೆಲ್ಲ ಒಂದೇ ದಿನ ಸುರಿದರೆ ಹುಳಿಯೇರಿ ಗ್ಯಾಸ್ ನಿಲ್ಲುತ್ತದೆ. ಹಾಗಾದಾಗ ಒಂದು ವಾರ ಏನೂ ಹಾಕದೆ ಬಿಟ್ಟು, ಮತ್ತೆ ಬರೀ ಸಗಣಿಯಿಂದ ಸ್ವಲ್ಪ ಸ್ವಲ್ಪವಾಗಿ ಶುರು ಮಾಡಬೇಕು.

ಚಳಿಗೆ ಮದ್ದು ಕಡಿಮೆ. ಜೀವಾಣುಗಳಿಗೆ 35 ಡಿಗ್ರಿ ಆಸುಪಾಸು ಹಿತ. 20ಕ್ಕಿಂತ ಕೆಳಗೆ ಕೆಲಸ ನಿಧಾನ. ಕೊಡಗು, ಚಿಕ್ಕಮಗಳೂರಿನ ಎತ್ತರದಲ್ಲಿ ಆಟಿ (ಆಷಾಢ) ಮಳೆಯಲ್ಲೂ ಮಾಗಿಯಲ್ಲೂ ಅರ್ಧಕ್ಕಿಳಿದರೆ ಘಟಕ ಕೆಟ್ಟಿದೆಯೆಂದಲ್ಲ. ಬಿಸಿಲಿಗಿಟ್ಟ ನೀರಿನಲ್ಲಿ ಮಧ್ಯಾಹ್ನ ಕಲಸುವುದು, ಗುಮ್ಮಟದ ಮೇಲೆ ಹುಲ್ಲು ಹೊದಿಸುವುದು ತುಸು ನೆರವಾಗುತ್ತದೆ. ಔಟ್‌ಲೆಟ್ಟಿಗೆ ಮಳೆನೀರು ಇಳಿಯದಂತೆ ಚಪ್ಪಡಿ ಮುಚ್ಚಿರಲಿ. ಮಕ್ಕಳು, ಕರುಗಳು ಬೀಳದಿರಲೂ ಅದೇ ಚಪ್ಪಡಿ.

ಒಲೆಯ ಹತ್ತಿರ

ಗೋಬರ್ ಗ್ಯಾಸಿನಲ್ಲಿ ಮೀಥೇನ್ ನೂರಕ್ಕೆ 55–60 ಭಾಗ ಮಾತ್ರ. ಆದ್ದರಿಂದ ಎಲ್‌ಪಿಜಿ ಒಲೆಯ ಸಣ್ಣ ತೂತಿನ ಜೆಟ್ ಇದಕ್ಕೆ ಸಾಲದು. ಐಎಸ್‌ಐ ಗುರುತಿನ ಬಯೋಗ್ಯಾಸ್ ಒಲೆಯನ್ನೇ ಕೊಳ್ಳಿ. ಒಂದು ಬರ್ನರ್ ಗಂಟೆಗೆ 450 ಲೀಟರ್ ಉರಿಸುತ್ತದೆ. ಪೈಪು ಒಲೆಯಿಂದ ವಾಟರ್ ಟ್ರ್ಯಾಪಿನ (ಪೈಪಿನೊಳಗಿನ ನೀರು ಕೂಡಿ ನಿಲ್ಲುವ ಜಾಗ) ಕಡೆಗೆ ನೂರಕ್ಕೆ ಒಂದರಷ್ಟು ಇಳಿಜಾರಿರಬೇಕು. ಉರಿ ಪುಕಪುಕನೆ ಕುಣಿದರೆ ಪೈಪಿನಲ್ಲಿ ನೀರು ನಿಂತಿದೆ, ಟ್ರ್ಯಾಪ್ ಬಿಚ್ಚಿ ಬಸಿಯಿರಿ. ವಾರಕ್ಕೊಮ್ಮೆ ಮಾಡಿದರೆ ಆ ತೊಂದರೆ ಬಾರದು. ಉರಿ ಹಳದಿಯಾದರೆ ಗಾಳಿ ಕಡಿಮೆ, ಬರ್ನರಿನಿಂದ ಹಾರಿಹೋದರೆ ಗಾಳಿ ಹೆಚ್ಚು. ಹಿತ್ತಾಳೆ ನಲ್ಲಿ ಕೆಲವು ವರ್ಷಕ್ಕೆ ಕಪ್ಪಾಗಿ ಬಿಗಿಯುವುದು ಹೈಡ್ರೋಜನ್ ಸಲ್ಫೈಡಿನ ಕಿತಾಪತಿ. ಆ ಕೊಳೆತ ಮೊಟ್ಟೆಯ ವಾಸನೆಯೇ ಸೋರಿಕೆಗೂ ಮುನ್ಸೂಚನೆ.

ಎಲ್‌ಪಿಜಿ ಎಷ್ಟು ಉಳಿಯುತ್ತದೆ? ಒಂದು ಘನ ಮೀಟರಿನಲ್ಲಿ ಸುಮಾರು 0.43 ಕಿಲೋ ಎಲ್‌ಪಿಜಿಯ ಶಾಖವಿದೆ. ತಿಂಗಳಿಗೆ 60 ಘನ ಮೀಟರ್ ಎಂದರೆ ಕಾಗದದ ಮೇಲೆ 26 ಕಿಲೋ, ಹೆಚ್ಚುಕಡಿಮೆ ಎರಡು ಸಿಲಿಂಡರ್. ಒಂದರಿಂದ ಒಂದೂವರೆ ಉಳಿದರೆ ಘಟಕ ಚೆನ್ನಾಗಿದೆ ಎಂದೇ ಅರ್ಥ. ಐದಾರು ಜನರ ಅಡುಗೆ ಸಾಗುತ್ತದೆ. ಬಚ್ಚಲ ಹಂಡೆ ಕಾಯಿಸಲು ಆಗದು. ಮಲೆನಾಡಿನಲ್ಲಿ ಗೋಬರ್ ಗ್ಯಾಸ್ ಬಂದು ದಶಕಗಳಾದರೂ ಬಚ್ಚಲೊಲೆಯ ಸೌದೆ ಹಾಗೇ ಉಳಿದಿರುವುದು ಇದಕ್ಕೇ. ಅದಕ್ಕೆ ಚಾವಣಿಯ ಸೋಲಾರ್ ಹೀಟರ್ ಬೇರೆಯೇ ಬೇಕು.

ಈ ವಿನ್ಯಾಸದ ದೊಡ್ಡ ಕೊರತೆ ಸಂಗ್ರಹ. ದಿನದ ಉತ್ಪತ್ತಿಯ ಮೂರರಲ್ಲೊಂದು ಭಾಗ, ಸುಮಾರು 660 ಲೀಟರ್ ಮಾತ್ರ ಗುಮ್ಮಟದಲ್ಲಿ ನಿಲ್ಲುತ್ತದೆ. ಒಂದು ಬರ್ನರಿಗೆ ಒಂದೂವರೆ ಗಂಟೆಯ ಉರಿ. ಗಂಟೆಗೆ 83 ಲೀಟರಿನಂತೆ ಎಂಟು ತಾಸಿನಲ್ಲಿ ಗುಮ್ಮಟ ಭರ್ತಿ. ಆಮೇಲೆ ಹುಟ್ಟಿದ್ದೆಲ್ಲ ಔಟ್‌ಲೆಟ್ಟಿನಲ್ಲಿ ಗುಳುಗುಳು ಎಂದು ಗಾಳಿಗೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಂಚಿ ಉರಿಸುವ ಮನೆಗೆ ಒಪ್ಪುತ್ತದೆ, ಒಂದೇ ಹೊತ್ತು ಅಡುಗೆ ಮಾಡುವವರಿಗೆ ನಷ್ಟ. ಹವಾಮಾನದ ಲೆಕ್ಕದಲ್ಲಿ ಇದು ಇನ್ನೂ ಗಂಭೀರ. ಮನೆಗೆ ಬೀಗ ಹಾಕಿ ನಾಲ್ಕು ದಿನ ಮದುವೆಗೆ ಹೋದರೆ 8 ಘನ ಮೀಟರ್ ಗ್ಯಾಸ್, ಅದರಲ್ಲಿ ಸುಮಾರು 3 ಕಿಲೋ ಮೀಥೇನ್ ಹೊರಹೋಗುತ್ತದೆ. ನೂರು ವರ್ಷದ ಅಳತೆಯಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿ ಹಿಡಿಯುತ್ತದೆ. ಆ 3 ಕಿಲೋ ಎರಡು ಎಲ್‌ಪಿಜಿ ಸಿಲಿಂಡರ್ ಪೂರಾ ಉರಿಸಿದ್ದಕ್ಕೆ ಸಮ. ಹೊರಡುವ ವಾರದಿಂದ ಸಗಣಿ ಕಡಿಮೆ ಹಾಕಿದರೂ ಒಳಗಿನ ಹಳೆಯದು ಗ್ಯಾಸ್ ಕೊಡುತ್ತಲೇ ಇರುತ್ತದೆ. ಪಕ್ಕದ ಮನೆಯವರನ್ನು ಕರೆದು ದನಗಳ ಅಕ್ಕಚ್ಚು ಬೇಯಿಸಿಕೊಳ್ಳಿ ಎನ್ನುವುದೇ ಸರಿಯಾದ ದಾರಿ.

ಕರೆಂಟ್ ಆಸೆ

‘ಗೋಬರ್ ಗ್ಯಾಸಿನಿಂದ ಮನೆಗೆ ಕರೆಂಟ್’ ಎಂದು ಸಣ್ಣ ಜನರೇಟರ್ ಮಾರುವವರ ಮಾತು ಈ ಅಳತೆಗೆ ಹೊಂದದು. 2 ಘನ ಮೀಟರನ್ನೂ ಎಂಜಿನ್ನಿಗೆ ಕೊಟ್ಟರೆ ಹೆಚ್ಚೆಂದರೆ ಮೂರು ಯೂನಿಟ್. ಚಾವಣಿಯ 1 ಕಿಲೋವಾಟ್ ಸೋಲಾರ್ ದಿನಕ್ಕೆ ನಾಲ್ಕು ಯೂನಿಟ್ ಸುಮ್ಮನೆ ಕೊಡುತ್ತದೆ. ಸಗಣಿಯಿಂದ ಕರೆಂಟ್ ಊರಿನ ಅಳತೆಯ ಕೆಲಸ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ತಂಡ ಮೊದಲು ಊರಿಗೆಲ್ಲ ಅಡುಗೆ ಗ್ಯಾಸ್ ಕೊಡಲು ಹೊರಟಿತ್ತು. ಅಷ್ಟು ಸಗಣಿ ಸಾಲಲಿಲ್ಲ. 1980ರ ದಶಕದ ಕೊನೆಗೆ ಅದೇ ಗ್ಯಾಸನ್ನು ಡೀಸೆಲ್ ಜೊತೆ ಎಂಜಿನ್ನಿಗೆ ಕೊಟ್ಟು ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟಿತು. ಸಗಣಿ ತಂದವರಿಗೆ ಬಗ್ಗಡ ವಾಪಸ್. ಈಗ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್, ಗದಗ–ಚಿತ್ರದುರ್ಗದ ಗಾಳಿಯಂತ್ರ, ಬೆಳಗಾವಿ–ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಮಾಡುವ ವಿದ್ಯುತ್ತು ರಾಜ್ಯದ ತಂತಿಗೆ ಸೇರುತ್ತಿರುವಾಗ, ಮನೆಯ ಸಗಣಿಗೆ ಒಲೆಯ ಕೆಲಸವೇ ಸರಿ.

ಲಾಭದ ದೊಡ್ಡ ಪಾಲು ಬಗ್ಗಡದಲ್ಲಿದೆ. ಹಾಕಿದಷ್ಟೇ ಹೊರಬರುತ್ತದೆ, ಸಾರಜನಕ ಕಳೆಯುವುದಿಲ್ಲ, ಕಳೆಬೀಜ ಬಹುಪಾಲು ಸಾಯುತ್ತವೆ. ಆದರೆ ದಿನಕ್ಕೆ 90–100 ಲೀಟರ್ ದ್ರವ ಹೊರುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿ. ತೋಟ ಕೆಳಗಿದ್ದರೆ ಕಾಲುವೆಯಲ್ಲಿ ಹರಿಯುತ್ತದೆ, ಮೇಲಿದ್ದರೆ ಸ್ಲರಿ ಪಂಪ್ ಬೇಕು. ಬಿಸಿಲಿಗೆ ಒಣಗಿಸಿದರೆ ಅಮೋನಿಯಾ ಹಾರಿ ಅರ್ಧ ಸತ್ವ ಹೋದಂತೆ. ಎರಡು ಗುಂಡಿ ಮಾಡಿ, ದರಗಿನ ಮೇಲೆ ಸರದಿಯಂತೆ ಸುರಿಯುವುದು ಉತ್ತಮ.

ಬೇರೆ ಮಾದರಿಗಳ ಬಗ್ಗೆ ಎರಡು ಮಾತು. ತೇಲುವ ಡ್ರಮ್ಮಿನಲ್ಲಿ ಗ್ಯಾಸ್ ಎಷ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ, ಒತ್ತಡ ಒಂದೇ ಸಮ; ಆದರೆ ಕಬ್ಬಿಣದ ಡ್ರಮ್ಮಿಗೆ ವರ್ಷವರ್ಷ ಬಣ್ಣ ಬೇಕು, ಕರಾವಳಿಯ ಉಪ್ಪುಗಾಳಿಗೆ ಬಾಳಿಕೆ ಕಡಿಮೆ. ಚೀಲದ ಮಾದರಿ ಒಂದೇ ದಿನದಲ್ಲಿ ಕೂರುತ್ತದೆ, ಜಾಗ ಬದಲಿಸಬಹುದು. ಇಲಿ, ಹೆಗ್ಗಣ, ಬಿಸಿಲು ಅದರ ಶತ್ರುಗಳು. ಬಾಡಿಗೆ ಜಮೀನಿನವರಿಗೆ ಚೀಲವೇ ಸೈ.

ಸಬ್ಸಿಡಿ: ಕೇಂದ್ರದ 2022ರ ಮಾರ್ಗಸೂಚಿಯಂತೆ ಕರ್ನಾಟಕದಲ್ಲಿ 2ರಿಂದ 4 ಘನ ಮೀಟರಿನ ಘಟಕಕ್ಕೆ 14,350 ರೂಪಾಯಿ ನಿಗದಿಯಾಗಿತ್ತು. ದರ, ಗುರಿ ಬದಲಾಗುತ್ತಿರುತ್ತವೆ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಮಂಜೂರಾತಿ ಕೈಗೆ ಬಂದ ಮೇಲೆ ಗುದ್ದಲಿ ಹಿಡಿಯಿರಿ. ಕಟ್ಟಿ ಮುಗಿಸಿ ಅರ್ಜಿ ಹಾಕಿದರೆ ಓಡಾಟವೇ ಗತಿ. ಆ ದುಡ್ಡಿಗಿಂತ ಹೆಚ್ಚು ಬೆಲೆಯದ್ದು ಮೇಸ್ತ್ರಿಯ ಬರಹದ ಭರವಸೆ. ಶಿರಸಿ ಸೀಮೆಯ ಘಟಕಗಳ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೋಡಿದ ಘಟಕಗಳೆಲ್ಲ ನಡೆಯುತ್ತಿದ್ದವು; ಕಟ್ಟಿದ ಸ್ಥಳೀಯರೇ ರಿಪೇರಿಗೂ ಹೊಣೆ ಹೊತ್ತದ್ದು ಅದಕ್ಕೊಂದು ಮುಖ್ಯ ಕಾರಣ. ‘ಮೂರು ವರ್ಷದೊಳಗೆ ಗುಮ್ಮಟ ಸೋರಿದರೆ ಕೂಲಿಯಿಲ್ಲದೆ ಸರಿಮಾಡುತ್ತೇನೆ’ ಎಂದು ಬರೆಸಿಕೊಳ್ಳಿ.

ಮುಂದೆ ಎಂದಾದರೂ ರಿಪೇರಿಗೆ ಖಾಲಿ ಮಾಡಬೇಕಾದರೆ, ಬಗ್ಗಡ ತೆಗೆದ ಕೂಡಲೇ ಯಾರನ್ನೂ ಒಳಗಿಳಿಸಬೇಡಿ. ಗ್ಯಾಸ್ ಪೈಪ್, ಔಟ್‌ಲೆಟ್ ಎರಡನ್ನೂ ತೆರೆದು ಕೆಲವು ದಿನ ಬಿಡಿ, ಬ್ಲೋವರಿನಿಂದ ಗಾಳಿ ಊದಿಸಿ, ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದು ನಿಂತಿರಲಿ. ಬೀಡಿ, ದೀಪ ಹತ್ತಿರ ಸುಳಿಯಬಾರದು. ಒಳಗಿದ್ದವರು ಕುಸಿದರೆ ಎತ್ತಲೆಂದು ಇನ್ನೊಬ್ಬರು ಹಾರುವುದು ಬೇಡ, ಹಗ್ಗ ಎಳೆಯಿರಿ.